ಗೊಂಬೆಯ ಮೇಲೆ ಪಳಗುವ ಕೈ

ನಿಮ್ಮ ತಾಯಿಯವರನ್ನು ಆಸ್ಪತ್ರೆಗೆ ಸೇರಿಸಿದ್ದೀರಿ ಎನ್ನಿ. ಸಿರಿಂಜು ಹಿಡಿದು ಬಂದ ಹುಡುಗಿಯನ್ನು ಕಂಡೊಡನೆ 'ಇವಳಿನ್ನೂ ಕಲಿಯುವವಳಲ್ಲವೆ?' ಎಂಬ ಅಳುಕು ಹುಟ್ಟುತ್ತದೆ. ಅದು ಸಹಜ. ಆದರೆ ಯಾರ ಮೇಲೂ ಕಲಿಯದೆ ದಾದಿಯಾಗುವುದು ಹೇಗೆ?

ಈ ಇಕ್ಕಟ್ಟಿಗೆ ಸಿಕ್ಕ ಒಂದು ಉತ್ತರ ಗೊಂಬೆ. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗೆ ಮಾರ್ಥಾ ಚೇಸ್ ಎಂಬಾಕೆ ಆಳೆತ್ತರದ ಗೊಂಬೆ ಮಾಡಿಕೊಟ್ಟರು. 1960ರಲ್ಲಿ ನಾರ್ವೆಯ ಆಸ್ಮುಂಡ್ ಲೇರ್ಡಾಲ್ ಕೃತಕ ಉಸಿರಾಟ ಕಲಿಸುವ 'ಆ್ಯನ್' ಗೊಂಬೆಯನ್ನು ತಂದರು. ಇಬ್ಬರೂ ಮೂಲತಃ ಆಟದ ಗೊಂಬೆ ಮಾಡುತ್ತಿದ್ದವರು! ನಮ್ಮಲ್ಲೂ ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಪರಿಷ್ಕೃತ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಇಂಥ ಅಣಕು ರೋಗಿಯ ಅಭ್ಯಾಸಕ್ಕೆ ಸ್ಥಾನವಿದೆ.

ಕೆಂಪು ನೀರಿನ ಪಾಠ

ಕೋಟೆಯ ಬಳಿಯ ವಾಣಿವಿಲಾಸ ಆಸ್ಪತ್ರೆಯಲ್ಲಿ 1935ರಿಂದ ಎಷ್ಟೋ ಮನೆಗಳ ಮಕ್ಕಳು ಹುಟ್ಟಿವೆ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ತಾಯಿಯ ಜೀವಕ್ಕೇ ಅಪಾಯ. ಇದನ್ನು ಕಲಿಸಲು ಶಿಕ್ಷಕಿ ಹೊಟ್ಟೆಗೆ ಕೃತಕ ಗರ್ಭಕೋಶ ಕಟ್ಟಿಕೊಂಡು ಬಾಣಂತಿಯಾಗುತ್ತಾರೆ. ಕೆಂಪು ನೀರು ಹರಿಯತೊಡಗುತ್ತದೆ. ವಿದ್ಯಾರ್ಥಿನಿ ಅದನ್ನು ಗಮನಿಸಬೇಕು, ಸಹಾಯಕ್ಕೆ ಕೂಗಬೇಕು, ಗರ್ಭಕೋಶವನ್ನು ಉಜ್ಜಬೇಕು, ಔಷಧಿ ಸಿದ್ಧಪಡಿಸಬೇಕು. ಜೊತೆಗೇ 'ಹೆದರಬೇಡಿ ಅಮ್ಮ' ಎನ್ನುತ್ತಿರಬೇಕು.

ಅಣಕು ಎಂದು ಗೊತ್ತಿದ್ದರೂ ಮೊದಲ ಸಲ ಕೈ ನಡುಗುತ್ತದೆ, ಬಾಯಿಪಾಠವಾಗಿದ್ದದ್ದು ಮರೆತುಹೋಗುತ್ತದೆ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಕುಳಿತು ಮಾತನಾಡುತ್ತಾರೆ: ಏನು ಮಾಡಿದೆವು, ಏನು ಬಿಟ್ಟೆವು, ಏಕೆ? ಬೈಗುಳಕ್ಕೆ ಇಲ್ಲಿ ಜಾಗವಿಲ್ಲ. ನಿಜವಾದ ಕಲಿಕೆ ನಡೆಯುವುದು ಈ ಮಾತುಕತೆಯಲ್ಲೇ. ಇಲ್ಲಿ ಆದ ತಪ್ಪಿಗೆ ಯಾವ ತಾಯಿಯೂ ಬೆಲೆ ತೆರುವುದಿಲ್ಲ.

ಗೊಂಬೆ ಕಲಿಸದ್ದು

ಆದರೆ ಗೊಂಬೆಗೆ ನೋವಿಲ್ಲ, ನಾಚಿಕೆಯಿಲ್ಲ. ಎಂಬತ್ತರ ಅಜ್ಜಿಯ ಜಾರುವ ರಕ್ತನಾಳ ಅದಕ್ಕಿಲ್ಲ. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬೆಂಗಳೂರಿಗೆ ಓದಲು ಬಂದ ಹುಡುಗಿಗೆ 'ಎಲ್ಲಿ ನೋವು ಅಜ್ಜಿ?' ಎಂದು ಕನ್ನಡದಲ್ಲಿ ಕೇಳುವುದನ್ನು ಕಲಿಸಬಲ್ಲವರು ವಾರ್ಡಿನ ಅಜ್ಜಿಯರೇ. ಆದ್ದರಿಂದ ಗೊಂಬೆ ಮೊದಲ ಮೆಟ್ಟಿಲು ಮಾತ್ರ. ರೋಗಿಯ ಹಾಸಿಗೆಯ ಬಳಿ ಹಿರಿಯ ದಾದಿಯ ಕಣ್ಗಾವಲು ಬೇಕೇ ಬೇಕು.

ನೀವೇನು ಮಾಡಬಹುದು?

* ವಿದ್ಯಾರ್ಥಿನಿ ಬಂದಾಗ 'ಮೇಲ್ವಿಚಾರಕರು ಇದ್ದಾರೆಯೇ?' ಎಂದು ಸಂಕೋಚವಿಲ್ಲದೆ ಕೇಳಿ. ಒಪ್ಪಿಗೆಯಿಲ್ಲದಿದ್ದರೆ ಬೇಡವೆನ್ನಬಹುದು.

* ರೋಗಿಯ ಹೆಸರು, ಒಗ್ಗದ ಔಷಧಿ ಯಾವುದೆಂಬುದನ್ನು ನೀವೇ ತಿಳಿಸಿ.

* ಅವಕಾಶ ಸಿಕ್ಕರೆ ನೀವೂ ಗೊಂಬೆಯ ಮೇಲೆ ಎದೆ ಒತ್ತುವುದನ್ನು ಕಲಿಯಿರಿ. ವಯಸ್ಕರು ಪ್ರಜ್ಞೆ ತಪ್ಪಿ, ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ. ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಓದಿದರೆ ಸುಲಭ ಎನಿಸುತ್ತದೆ. ಗೊಂಬೆಯ ಮೇಲೆ ಎರಡೇ ನಿಮಿಷ ಒತ್ತಿ ನೋಡಿ, ತೋಳು ಸೋಲುತ್ತದೆ.

ಇನ್ನೊಮ್ಮೆ ಆ ಹುಡುಗಿ ಸಿರಿಂಜು ಹಿಡಿದು ಬಂದಾಗ ನಸುನಕ್ಕು ಕೈ ಚಾಚಿ. ಅವಳ ಎದೆಯೂ ಡವಗುಟ್ಟುತ್ತಿರುತ್ತದೆ.