ಈಚಲ ಮರದ ಇರುಳಿನ ಅತಿಥಿಗಳು

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕವು ಹೆಂಡ ಕುಡಿದರೆನ್ನುವುದೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಈ ಅಪವಾದವು ಮನುಷ್ಯನೊಬ್ಬನಿಗೇ ಅಲ್ಲದೆ ಮೃಗಪಕ್ಷಿಗಳಿಗೂ ತಟ್ಟಿರುವುದು.

ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಸಂಜೆ ಹಿರಿಯರೊಬ್ಬರು ಕುಳಿತು, ತಮ್ಮ ಬಾಲ್ಯದಲ್ಲಿ ಹಳ್ಳದ ದಂಡೆಯ ಈಚಲ ಮರಗಳಿಗೆ ಸಿಂದಿಯ ಗಡಿಗೆ ಕಟ್ಟುತ್ತಿದ್ದುದನ್ನೂ, ಇರುಳಾದೊಡನೆ ಬಾವಲಿಗಳು ಅವಕ್ಕೆ ಮುತ್ತುತ್ತಿದ್ದುದನ್ನೂ ವರ್ಣಿಸುತ್ತಿದ್ದರು. “ಮುತ್ಯಾ, ಬಾವಲಿಗೂ ಸಿಂದಿ ಏರ್ತದೇನು?” ಎಂದು ಮನೆಯ ಬಾಲಕನು ಕೇಳಿದನು. “ಏರದೇ ಇದ್ರ ತೆಲಿ ಕೆಳಗ ಮಾಡಿ ಯಾಕ ಜೋತಾಡ್ತದ?” ಎಂದು ಅವರು ನಕ್ಕರು. ನಾವೂ ನಕ್ಕೆವು; ಆದರೆ ಪ್ರಶ್ನೆಯು ಮನಸ್ಸಿನಲ್ಲಿಯೇ ಉಳಿಯಿತು.

ಮರವನ್ನು ಕೆತ್ತಿದಾಗ ಒಸರುವ ರಸವು ಮೊದಲಲ್ಲಿ ಹೆಂಡವೇ ಅಲ್ಲ. ನೂರಕ್ಕೆ ಸುಮಾರು ಹತ್ತು ಭಾಗ ಸಕ್ಕರೆಯುಳ್ಳ ಸಿಹಿನೀರು. ಕಣ್ಣಿಗೆ ಕಾಣದ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಅದರಲ್ಲಿ ಸೇರಿ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವುವು. ಕೆಲವು ಗಂಟೆಗಳಲ್ಲಿಯೇ ರಸವು ಹುಳಿತು ಮತ್ತೇರಿಸುವಂತಾಗುವುದು. ಅತಿಯಾಗಿ ಮಾಗಿದ ಹಣ್ಣಿನಲ್ಲಿ ನಡೆಯುವುದೂ ಇದೇ ಕ್ರಿಯೆಯು. ಆದುದರಿಂದ ಸಿಹಿಯನ್ನರಸಿ ಹೊರಟ ಪ್ರಾಣಿಗೆ ದಾರಿಯಲ್ಲಿ ಮದ್ಯಸಾರವೂ ಎದುರಾಗುವುದು ಸಹಜ.

ಹಾಗಾದರೆ ಅವು ಬಯಸುವುದು ಸಿಹಿಯನ್ನೋ ಮತ್ತನ್ನೋ? ಈಜಿಪ್ಟಿನ ಹಣ್ಣುಬಾವಲಿಗಳನ್ನು ಪರೀಕ್ಷಿಸಿದ ವಿದ್ವಾಂಸರು 2004ರಲ್ಲಿ ಪ್ರಕಟಿಸಿದಂತೆ, ಆಹಾರದಲ್ಲಿ ಮದ್ಯಸಾರವು ನೂರಕ್ಕೆ ಒಂದು ಭಾಗವನ್ನು ಮೀರಿದರೆ ಅವು ಅದನ್ನು ತೊರೆಯುವುವು. ಆಫ್ರಿಕದ ಆನೆಗಳು ಮರೂಲ ಹಣ್ಣನ್ನು ತಿಂದು ತೂರಾಡುವುವೆಂಬ ಕಥೆಯನ್ನೂ 2006ರಲ್ಲಿ ಲೆಕ್ಕಹಾಕಿ ನೋಡಿದ ಶಾಸ್ತ್ರಜ್ಞರು, ಅಷ್ಟು ದೊಡ್ಡ ದೇಹಕ್ಕೆ ಅದರಿಂದ ಮತ್ತೇರುವುದು ಅಸಂಭವವೆಂದರು. ಇದಕ್ಕೆ ಬೇರೆಯಾದ ಉದಾಹರಣೆಯೂ ಉಂಟು. ಗಿನಿ ದೇಶದ ಬೊಸ್ಸೂ ಎಂಬಲ್ಲಿ ಚಿಂಪಾಂಜಿಗಳು ಎಲೆಗಳನ್ನು ಅಗಿದು ಮುದ್ದೆಮಾಡಿ, ಜನರು ತಾಳೆಜಾತಿಯ ಮರಗಳಿಗೆ ಕಟ್ಟಿದ ಪಾತ್ರೆಗಳಲ್ಲಿ ಅದ್ದಿ ಹೆಂಡವನ್ನು ಹೀರುವುದನ್ನು 1995ರಿಂದ 2012ರವರೆಗೆ ಕಂಡು ಬರೆದಿಟ್ಟಿರುವರು. ಅವುಗಳಲ್ಲಿ ಕೆಲವಕ್ಕೆ ಮತ್ತೇರಿದ ಲಕ್ಷಣಗಳೂ ತೋರಿದುವು. ಆದರೂ ಬಹುತೇಕ ಪ್ರಾಣಿಗಳನ್ನು ಕುಡುಕರೆನ್ನಲು ತಕ್ಕ ಆಧಾರವು ಕಾಣದು.

ಇಷ್ಟಕ್ಕೆ ಮುಗಿದಿದ್ದರೆ ಇದೊಂದು ವಿನೋದದ ಮಾತಾಗುತ್ತಿದ್ದಿತು. ಆದರೆ ಬಾವಲಿಯು ಬರಿದೇ ಬಂದು ಹೋಗುವುದಿಲ್ಲ. ರಸವನ್ನು ನೆಕ್ಕುವಾಗ ಅದರ ಜೊಲ್ಲೂ ಮೂತ್ರವೂ ಗಡಿಗೆಗೆ ಬೀಳುವುವು. ಬಾಂಗ್ಲಾದೇಶದಲ್ಲಿ ಚಳಿಗಾಲದ ಬೆಳಗಿನಲ್ಲಿ ಈಚಲಿನ ಹಸಿರಸವನ್ನು ಮಕ್ಕಳಾದಿಯಾಗಿ ಕುಡಿಯುವ ರೂಢಿಯುಂಟು. ಅಲ್ಲಿ 2001ರಿಂದ ಕಾಣಿಸಿಕೊಂಡ ನಿಪಾ ರೋಗವು ಹಬ್ಬಲು ಈ ರಸವೇ ಒಂದು ಮುಖ್ಯ ಕಾರಣವೆಂದು ತಿಳಿದುಬಂದಿತು. ಆ ದೇಶದಲ್ಲಿ ಸೋಂಕಿದವರೆಂದು ಗೊತ್ತಾದವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಅಸುನೀಗಿರುವರು. 2018ರಲ್ಲಿ ನಮ್ಮ ನೆರೆಯ ಕೇರಳದಲ್ಲಿಯೂ ಈ ರೋಗವು ತಲೆದೋರಿತು. ಅಲ್ಲಿಯೂ ವೈರಾಣುವಿನ ನೆಲೆಯು ಬಾವಲಿಯೇ.

ಹಾಗೆಂದು ಬಾವಲಿಯನ್ನು ಕೊಲ್ಲುವುದು ಉಪಾಯವಲ್ಲ. ಹೂವಿನ ಪರಾಗವನ್ನು ಸಾಗಿಸಿ, ಬೀಜಗಳನ್ನು ಹರಡಿ, ಕಾಡನ್ನು ಬೆಳೆಯಿಸುವ ಜೀವಿಯದು. ಕೆತ್ತಿದ ಭಾಗವನ್ನೂ ಗಡಿಗೆಯ ಬಾಯಿಯನ್ನೂ ಬಿದಿರಿನ ತಟ್ಟಿಯಿಂದ ಮರೆಮಾಡಿದರೆ ಬಾವಲಿಗೆ ರಸವು ಎಟುಕದು. ಹಸಿರಸವನ್ನು ಚೆನ್ನಾಗಿ ಕುದಿಸಿದರೆ ವೈರಾಣುವು ನಾಶವಾಗುವುದು. ಗೃಹಸ್ಥರು ಬಾವಲಿ ಮುಟ್ಟಿದ ರಸವನ್ನೂ, ಹಕ್ಕಿಯೋ ಬಾವಲಿಯೋ ಕಚ್ಚಿದ ಹಣ್ಣನ್ನೂ ಮಕ್ಕಳಿಗೆ ಕೊಡದಿರುವುದು ಕ್ಷೇಮ.

ಇದನ್ನೆಲ್ಲ ನಾವು ಮರುದಿನ ಅದೇ ಕಟ್ಟೆಯ ಮೇಲೆ ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ತಪ್ಪು ಬಾವಲಿದಲ್ಲ, ಗಡಗಿ ಮುಚ್ಚಲಾರದವ್ರದು” ಎಂದರು. ನಮಗೂ ಹಾಗೆಯೇ ತೋರಿತು.