ಭೋಗಿಯ ಬೆಂಕಿ, ಮುಂಜಾವಿನ ಗಾಳಿ

ಧನುರ್ಮಾಸದ ಕೊನೆಯ ದಿನ ಭೋಗಿ. ಕೋಲಾರ ಜಿಲ್ಲೆಯ ಗಡಿಯ ತಾಲ್ಲೂಕುಗಳಾದ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತೆಲುಗು ಮನೆಮಾತಿನವರು ಬಹಳ. ಅಂದು ಸೂರ್ಯೋದಯಕ್ಕೆ ಮುನ್ನ ಬಾಗಿಲ ಮುಂದೆ ಅವರು ಹಾಕುವ ಬೆಂಕಿಗೆ ‘ಭೋಗಿ ಮಂಟ’ ಎಂದು ಹೆಸರು. ಮರುದಿನ ಸಂಕ್ರಾಂತಿಯ ಸಂಜೆ, ಭಾಷೆಯ ಭೇದವಿಲ್ಲದೆ, ರೈತರು ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಎರಡು ತಿಂಗಳು ಕಳೆದರೆ ಕಾಮದಹನ.

ಈ ಬೆಂಕಿಗಳಲ್ಲಿ ಹಿಂದೆ ಉರಿಯುತ್ತಿದ್ದುದೇನು? ಮುರುಕು ಮೊರ, ಸವೆದ ಪೊರಕೆ, ಹರಿದ ಚಾಪೆ, ಬೆರಣಿ, ಹುಲ್ಲು. ನೆಲದಿಂದ ಬಂದವು, ಬೂದಿಯಾಗಿ ತಿಪ್ಪೆ ಸೇರಿ ನೆಲಕ್ಕೇ ಮರಳುವಂಥವು. ಆ ಹೊಗೆಯೂ ಎದೆಗೆ ಹಿತವಾದುದಲ್ಲ. ಹಬ್ಬದ ಹೊಗೆ ಔಷಧವೆಂಬ ಮಾತನ್ನು ನಾನು ಒಪ್ಪಲಾರೆ. ಆದರೆ ಈಗ ಮನೆಯ ಹಳೆಯ ಸಾಮಾನೆಂದರೆ ಪ್ಲಾಸ್ಟಿಕ್ ಕೊಡ, ನೈಲಾನ್ ಚೀಲ, ವಿದ್ಯುತ್ ತಂತಿ, ಸೈಕಲ್ಲಿನ ಟೈರು. ಪಿ.ವಿ.ಸಿ. ಉರಿದಾಗ ಹೈಡ್ರೋಜನ್ ಕ್ಲೋರೈಡ್ ಹೊರಬಿದ್ದು ಕಣ್ಣು, ಗಂಟಲುಗಳನ್ನು ಸುಡುತ್ತದೆ. ಜೊತೆಗೆ ಹುಟ್ಟುವ ಡಯಾಕ್ಸಿನ್ ಎಂಬ ವಿಷ ಬೇಗ ಅಳಿಯುವುದಿಲ್ಲ. ಅದು ಹುಲ್ಲಿನ ಮೇಲೆ ಇಳಿದು, ಮೇಯುವ ಹಸುವಿನ ಕೊಬ್ಬಿನಲ್ಲಿ ನಿಂತು, ಹಾಲಿಗೆ ಬರುತ್ತದೆ. ಕೋಲಾರ ಹಾಲಿನ ಜಿಲ್ಲೆ. ಸಂಕ್ರಾಂತಿಯಂದು ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಪೂಜಿಸುವುದೂ ಆ ಹಸುವನ್ನೇ.

ಹೊತ್ತಿನ ವಿಚಾರವೂ ಉಂಟು. ಹಗಲು ಕಾದ ನೆಲ ಗಾಳಿಯನ್ನು ಬಿಸಿಮಾಡಿ ಮೇಲಕ್ಕೆ ಕಳಿಸುತ್ತದೆ. ಹೊಗೆ ಅದರೊಡನೆ ಏರಿ ಚದುರುತ್ತದೆ. ಚಳಿಗಾಲದ ತಿಳಿಯಾದ ಇರುಳಿನಲ್ಲಿ ನೆಲ ಬೇಗ ತಣಿದು, ಅದನ್ನು ಮುಟ್ಟಿದ ಗಾಳಿ ಕೆಳಗೇ ಉಳಿಯುತ್ತದೆ. ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಭೋಗಿಯ ಬೆಂಕಿ ಹೊತ್ತುವುದು ಸರಿಯಾಗಿ ಈ ಮುಚ್ಚಳದಡಿಯಲ್ಲಿ. 2018ರ ಭೋಗಿಯಂದು ಚೆನ್ನೈಯಲ್ಲಿ ಮಂಜಿಗೆ ಹೊಗೆ ಬೆರೆತು ವಿಮಾನಗಳ ಸಂಚಾರವೇ ಏರುಪೇರಾಯಿತು. ನಮ್ಮ ಊರುಗಳಲ್ಲಿ ವಿಮಾನಗಳಿಲ್ಲ. ಉಬ್ಬಸದ ಮುದುಕರೂ ತೊಟ್ಟಿಲ ಕೂಸುಗಳೂ ಇದ್ದಾರೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ನೆತ್ತರನ್ನೂ ಸೇರಬಲ್ಲವು. ಒಂದು ದಿನದ ಸರಾಸರಿಯಲ್ಲಿ ಇವು ಘನಮೀಟರಿಗೆ 60 ಮೈಕ್ರೋಗ್ರಾಮ್ ಮೀರಬಾರದೆಂದು 2009ರ ರಾಷ್ಟ್ರೀಯ ಮಾನಕ. 15 ಮೀರಬಾರದೆಂದು 2021ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ವರ್ಷವಿಡೀ ಹೊಗೆಯುಗುಳುವವರನ್ನು ಬಿಟ್ಟು ಹಬ್ಬವನ್ನೇಕೆ ದೂರುವಿರಿ ಎಂದು ಕೇಳುಗರಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾಲೂರು ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಊರು, ಶ್ರೀನಿವಾಸಪುರ ಮಾವಿಗೆ. ಇಟ್ಟಿಗೆ ಗೂಡುಗಳ ಹೊಗೆ ತಗುಲಿದ ತೋಪುಗಳಲ್ಲಿ ಮಾವಿನ ಕಾಯಿಯ ತುದಿ ಕಪ್ಪಾಗಿ ಕೆಡುವುದನ್ನು ಉತ್ತರ ಪ್ರದೇಶದಲ್ಲಿ ವಿಜ್ಞಾನಿಗಳು ಬಹುಕಾಲದಿಂದ ಗುರುತಿಸಿದ್ದಾರೆ. ಗೂಡುಗಳ ಹೊಗೆಗೂ ಊರಾಚೆ ಸುಡುವ ಕಸಕ್ಕೂ ಕಡಿವಾಣ ಬೇಕೇ ಬೇಕು. ಬಯಲಿನಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿದವು. ಆದರೆ ಗೂಡಿನ ಹೊಗೆ ತಗ್ಗುವವರೆಗೆ ಮನೆಬಾಗಿಲಿನ ಟೈರು ಉರಿಯಲೆಂಬುದು ವಾದವಲ್ಲ, ಹಟ.

ಬೆಂಕಿಯನ್ನೇ ನಿಲ್ಲಿಸಬೇಕೆನ್ನುವವರ ಮಾತೂ ನನಗೆ ರುಚಿಸದು. ಮನೆಗೊಂದರ ಬದಲು ಬೀದಿಗೊಂದು ಬೆಂಕಿ ಸಾಕು. ಅದಕ್ಕೆ ನಾಲ್ಕು ಒಣ ಬೆರಣಿ, ಒಂದು ಹಿಡಿ ಹುಲ್ಲು ಹಾಕಲಿ. ಹಸಿ ಸೌದೆ ಬೇಡ, ಹೊಗೆ ಹೆಚ್ಚು. ಟೈರನ್ನೂ ಒಡೆದ ಕೊಡವನ್ನೂ ಹಿಂದಿನ ದಿನವೇ ಗುಜರಿಯವನಿಗೆ ಹಾಕಿದರೆ ಎಳ್ಳುಬೆಲ್ಲದ ಖರ್ಚಿಗೆ ನಾಲ್ಕು ಕಾಸೂ ಹುಟ್ಟುತ್ತದೆ.