ಬಿಡಲು ಒಂದು ದಿನ, ಹಿಡಿಯಲು 21 ವರ್ಷ

ಪ್ರಶ್ನೆ: ಹುಟ್ಟಿನಿಂದ ಬಂದ ಧರ್ಮದ ಬಗ್ಗೆ ಮನಸ್ಸು ಒಮ್ಮೆಲೇ ಬದಲಾಗುತ್ತದೆಯೇ?

ಉತ್ತರ: ಕೆಲವರಿಗೆ ಹಾಗಾಗಬಹುದು. ಅಂಬೇಡ್ಕರ್ ಅವರಿಗೆ ಹಾಗಾಗಲಿಲ್ಲ. ನಾಸಿಕದ ಕಾಳಾರಾಮ ದೇಗುಲ ಪ್ರವೇಶಕ್ಕಾಗಿ 1930ರಲ್ಲಿ ಅವರ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾಯಿತು. ವರ್ಷಗಳು ಉರುಳಿದರೂ ದಲಿತರಿಗೆ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್‌ನಲ್ಲಿ, ಅದೇ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಯಾವ ಧರ್ಮಕ್ಕೆ ಹೋಗುತ್ತೇನೆಂದು ಮಾತ್ರ ಹೇಳಲಿಲ್ಲ.

ನನಗೆ ಬಹಳ ದೊಡ್ಡದಾಗಿ ಕಾಣುವುದು ಆಮೇಲಿನ ಆ ದೀರ್ಘ ಹುಡುಕಾಟವೇ. ಬಿಡುವ ನಿರ್ಧಾರ ಅವಮಾನದಿಂದ ಬಂತು. ಆಯ್ಕೆ ಬಂದದ್ದು ಓದಿನಿಂದ, ವಿಚಾರದಿಂದ. ಸಿಖ್ ಧರ್ಮವನ್ನು ಗಂಭೀರವಾಗಿ ಪರಿಶೀಲಿಸಿದರು. ಸಮಾನತೆ ಇದೆಯೇ, ವಿವೇಕಕ್ಕೆ ಒಪ್ಪುತ್ತದೆಯೇ ಎಂದು ಒರೆಗೆ ಹಚ್ಚಿದರು. ಇದಕ್ಕೂ ಬಹಳ ಹಿಂದೆ, ಅಂಬೇಡ್ಕರ್ ಮೆಟ್ರಿಕ್ ಪಾಸಾದಾಗ, ಕೆಳೂಸ್ಕರ್ ಎಂಬ ಹಿರಿಯರು ತಾವೇ ಬರೆದ ಬುದ್ಧಚರಿತ್ರೆಯನ್ನು ಅವರಿಗೆ ಕೊಟ್ಟಿದ್ದರು. ಹದಿಹರೆಯದಲ್ಲಿ ಬಿದ್ದ ಆ ಬೀಜವನ್ನೂ ಮರೆಯುವಂತಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು. ಲಕ್ಷಾಂತರ ಜನ ಜೊತೆಗಿದ್ದರು. ಆಗಲೂ ಸಿದ್ಧ ವಿಧಿಯಷ್ಟೇ ಸಾಲದೆಂದು 22 ಪ್ರತಿಜ್ಞೆಗಳನ್ನು ತಾವೇ ರೂಪಿಸಿ, ಅನುಯಾಯಿಗಳಿಗೆ ಬೋಧಿಸಿದರು.